ಹುಳುಗಳ ಕೆಳಗಿನ ಉತ್ತರ

ಆ ಮಧ್ಯಾಹ್ನ ರೊಳ್ಳ ಊರಿನ ಹತ್ತಿರದ ಮಾವನ ಮನೆಯ ಜಗಲಿಯಲ್ಲಿ ನಾವು ನಾಲ್ವರಿದ್ದೆವು: ನಾನು, ಹೆಂಡತಿ ಸುಶೀಲಾ, ಅವಳ ತಮ್ಮ ತಿಮ್ಮಣ್ಣ, ಎಲೆಯಡಿಕೆ ಮೆಲ್ಲುತ್ತಿದ್ದ ಅತ್ತೆ. ಮೂವರು ನೆಮ್ಮದಿಯಾಗಿದ್ದರು. ನನಗೆ ಮಾತ್ರ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ.

ಕಾರಣ ಹೇಳಿದರೆ ನಗುತ್ತೀರಿ. ಸುಡೊಕು ಗೊತ್ತಲ್ಲ, ಒಂದರಿಂದ ಒಂಬತ್ತರವರೆಗೆ ಅಂಕಿ ತುಂಬುವ ಚೌಕ. ಭಾನುವಾರದ ಪುರವಣಿಯಲ್ಲಿ ಅದರ ದೊಡ್ಡಣ್ಣ ಬರುತ್ತಾನೆ: ನಡುವೆ ಒಂದು ಚೌಕ, ಅದರ ನಾಲ್ಕು ಮೂಲೆಗಳ ಮೇಲೆ ಹತ್ತಿ ಕುಳಿತ ಇನ್ನು ನಾಲ್ಕು. ಆ ಮೂಲೆಯ ಮನೆಗಳು ಎರಡು ಚೌಕಗಳಿಗೂ ಸೇರಿದವು. ಎರಡೂ ಕಡೆಯ ಲೆಕ್ಕಕ್ಕೆ ಸರಿಬರಬೇಕು, ತವರಿನಲ್ಲಿ ರಾಗಿಮುದ್ದೆಯನ್ನೂ ರಾಯದುರ್ಗದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯನ್ನೂ ಹೊಗಳುವ ನನ್ನ ಹೆಂಡತಿಯ ಹಾಗೆ. ನಾನೋ ಪೆನ್ನಿನಲ್ಲೇ ತುಂಬುವವನು. ಪೆನ್ಸಿಲು ಅಧೈರ್ಯದ ಲಕ್ಷಣವೆಂದು ಬೀದಿಗೆಲ್ಲ ಸಾರಿದ್ದೆ. ಮೂಲೆಯ ಮೊದಲ ಚೌಕ ಕಾಫಿ ಆರುವುದರೊಳಗೆ ಮುಗಿಯಿತು. ನಡುವಿನದಕ್ಕೆ ಬಂದರೆ ಒಂದೇ ಸಾಲಿನಲ್ಲಿ ಎರಡು ಏಳು! ಅಚ್ಚಿನ ತಪ್ಪೆಂದು ಘೋಷಿಸಿದೆ. ಉತ್ತರ ಬರಬೇಕಾದ ಭಾನುವಾರ ನಮ್ಮ ಮನೆಗೆ ಪುರವಣಿ ಬೀಳಲಿಲ್ಲ. ಅಂದಿನಿಂದ ತಟ್ಟೆಯಲ್ಲೂ ಏಳು, ಗೋಡೆಯಲ್ಲೂ ಏಳು.

ಈಗ ತಿಮ್ಮಣ್ಣನ ರೇಷ್ಮೆಹುಳುವಿನ ಕೋಣೆಯಲ್ಲಿ, ಬಿದಿರು ತಟ್ಟೆಗೆ ಹಾಸಿದ ಹಳೆಯ ಪುರವಣಿಯ ಅಂಚಿನಲ್ಲಿ ಪುಟ್ಟ ಪುಟ್ಟ ಚೌಕಗಳು ಕಂಡವು. ನಮಗೆ ತಪ್ಪಿದ ಅದೇ ಭಾನುವಾರದ ಉತ್ತರ! ಮೇಲೆ ತಟ್ಟೆಯ ತುಂಬ ಹುಳು.

"ತಿಮ್ಮಣ್ಣ, ಒಂದ್ ಮೂಲಿ ಅಷ್ಟ ಎತ್ತಿ ನೋಡ್ಲೇನಪ? ಅವಕ್ಕ ಗೊತ್ತೂ ಆಗಂಗಿಲ್ಲ."

"ಬ್ಯಾಡ ಭಾವ. ಹುಳ ಜ್ವರಕ್ಕೆ ಕುಂತವೆ. ಈಗ ಅಲ್ಲಾಡ್ಸಿದ್ರೆ ಪೊರೆ ಬಿಡಕ್ಕಾಗ್ದೆ ಸತ್ತೋಯ್ತವೆ. ಬೆಳೇನೇ ಹೋಯ್ತದೆ."

ಪೊರೆ ಬಿಡುವ ಮುನ್ನ ಅವು ಹೀಗೆ ಮೇವು ಬಿಟ್ಟು ಕೂರುತ್ತವಂತೆ. ಏಳುವುದು ನಾಳೆ. ನಾನು ಜಗಲಿಗೂ ಕೋಣೆಯ ಬಾಗಿಲಿಗೂ ಅಲೆದೆ.

"ಹುಳ ಸುಮ್ಗೆ ಕುಂತವೆ, ನೀವ್ಯಾಕೆ ಹರಿದಾಡ್ತೀರಿ ಅಳಿಯಂದ್ರೆ?" ಎಂದರು ಅತ್ತೆ.

"ಮನೇಲಿ ಹಾಲುಕ್ಕಿ ಹೋದ್ರೂ ಏಳದೋರು ಕಣಮ್ಮ ಇವ್ರು," ಎಂದಳು ಸುಶೀಲಾ.

ಸಂಜೆ ಯಾರೂ ಇಲ್ಲದಾಗ ಒಳಗೆ ನುಸುಳಿ ಕಾಗದದ ಮೂಲೆ ಹಿಡಿದೇಬಿಟ್ಟೆ. ಹುಳುಗಳೆಲ್ಲ ತಲೆಯೆತ್ತಿ ಕದಲದೆ ಕುಳಿತಿದ್ದವು. ಮಾವನ ಮನೆಯ ಬೆಳೆ ನನ್ನ ಎರಡು ಬೆರಳುಗಳ ನಡುವೆ ಇತ್ತು. ಮೆಲ್ಲಗೆ ಬಿಟ್ಟೆ. ಹೊರಗೆ ಬಂದು ಮತ್ತೆ ಅಲೆದೆ.

ಮರುದಿನ ಹುಳುಗಳು ಎದ್ದವು. ತಿಮ್ಮಣ್ಣ ಅವುಗಳ ಮೇಲೆ ಬಲೆ ಹಾಸಿ ಹೊಸ ಸೊಪ್ಪು ಹರಡಿದ. ಅವು ಮೇಲಕ್ಕೆ ಹತ್ತಿದವು. ಹುಳುಗಳ ಸಮೇತ ಬಲೆಯನ್ನು ಬೇರೆ ತಟ್ಟೆಗೆ ಎತ್ತಿಟ್ಟು, ಕೆಳಗಿನ ಕಾಗದವನ್ನು ಹಿಕ್ಕೆ ಕೊಡವಿ ನನ್ನ ಕೈಗಿಟ್ಟ. ಅಚ್ಚು ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಕಾಫಿ ಆರುವುದರೊಳಗೆ ಮುಗಿದ ನನ್ನ ಮೊದಲ ಚೌಕದಲ್ಲಿ. ಅದು ತನ್ನಷ್ಟಕ್ಕೆ ಸರಿ. ನಡುವಿನ ಚೌಕವೆಂಬ ನಡುಮನೆಯವರನ್ನು ಒಂದು ಮಾತು ಕೇಳದೆ ಮುಗಿಸಿದ್ದೇ ಎಡವಟ್ಟು.

"ಅಚ್ಚಿನೋರ್ದೇ ತಪ್ಪಾ, ಭಾವ?"

"ಬಸ್ಸಿಗೆ ಹೊತ್ತಾತು, ನಡೀರಿ ನಡೀರಿ," ಎಂದೆ.

ಮುಂದಿನ ಭಾನುವಾರ ರಾಯದುರ್ಗದಲ್ಲಿ ಪುರವಣಿ ಬಿಡಿಸಿಕೊಂಡು ಕುಳಿತರೆ ಪೆನ್ನು ಕಾಣಲಿಲ್ಲ. ಅದರ ಜಾಗದಲ್ಲಿ ಸುಶೀಲಾ ಒಂದು ಪೆನ್ಸಿಲು, ಒಂದು ರಬ್ಬರು ಇಟ್ಟಿದ್ದಳು. ಸಂಜೆಯ ಹೊತ್ತಿಗೆ ಪೆನ್ಸಿಲಿನ ಮೊನೆಯಷ್ಟೇ ಮೊಂಡಾಗಿತ್ತು. ರಬ್ಬರು ಅರ್ಧ ಸವೆದಿತ್ತು.