ದೊಡ್ಡಪ್ಪನ ಲೈಸೆನ್ಸೂ ನನ್ನ ಬ್ರೇಕೂ

ಚಾಲನಾ ಪರೀಕ್ಷೆಯ ನಿರೀಕ್ಷಕರ ಸನ್ನಿಧಾನಕ್ಕೆ,

ಮಾನ್ಯರೇ,

ಇಂದು ಬೆಳಿಗ್ಗೆ ತಾವು ನನ್ನನ್ನು ಫೇಲು ಮಾಡಿದ ಸೊಗಸನ್ನು ಊರಿಗೆಲ್ಲ ತಿಳಿಸದೆ ಸಮಾಧಾನವಿಲ್ಲದ ಕಾರಣ, ತಮ್ಮ ಕ್ಷೇಮವನ್ನೂ ತಮ್ಮ ಅಂಗಿಯ ಕ್ಷೇಮವನ್ನೂ ವಿಚಾರಿಸುತ್ತಾ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ.

ಕಲಿಯುವವರು ಲೈಸೆನ್ಸ್ ಇರುವವರೊಬ್ಬರನ್ನು ಜೊತೆಗಿಟ್ಟುಕೊಂಡೇ ಕಾರು ಓಡಿಸತಕ್ಕದ್ದು, ಅವರು ಹೇಳಿದಂತೆ ಕೇಳತಕ್ಕದ್ದು ಎಂದು ತಮ್ಮ ಕಚೇರಿಯ ಗೋಡೆಯ ಮೇಲೆಯೇ ಬರೆಸಿದ್ದೀರಿ. ನಮ್ಮ ಮನೆಯಲ್ಲಿ ಲೈಸೆನ್ಸ್ ಇರುವವರು ದೊಡ್ಡಪ್ಪ ಒಬ್ಬರೇ. ಹರೆಯದಲ್ಲಿ ಅದನ್ನು ಪಡೆದು, ತಪ್ಪದೆ ನವೀಕರಿಸುತ್ತಾ, ಸ್ಟಿಯರಿಂಗನ್ನು ಮಾತ್ರ ಅಂದಿನಿಂದ ಮುಟ್ಟದೆ, ಒಂದೇ ಒಂದು ಅಪಘಾತವನ್ನೂ ಮಾಡದ ಚಾಲಕರೆಂಬ ಕೀರ್ತಿಗೆ ಪಾತ್ರರಾಗಿದ್ದಾರೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕಾನೂನು ಮಾಡಿಟ್ಟ ತಮ್ಮ ಇಲಾಖೆಗೆ ದೊಡ್ಡದೊಂದು ನಮಸ್ಕಾರ.

ಬಾಡಿಗೆಗೆ ತಂದ ಕಾರಿನಲ್ಲಿ ತಾವು ಚಹಾದ ಲೋಟ ಹಿಡಿದು ನನ್ನ ಪಕ್ಕ ಕುಳಿತಿರಿ, ದೊಡ್ಡಪ್ಪ ಹಿಂದಿನ ಸೀಟಿಗೆ ಸರಿದರು. ಎಂಟು ಹಾಕಿದೆ, ರಿವರ್ಸ್ ತೆಗೆದೆ, ತಾವು ಮೆಚ್ಚಿ ತಲೆಯಾಡಿಸುತ್ತಲೂ ಇದ್ದಿರಿ. ಅಷ್ಟರಲ್ಲಿ ದೂರದ ಗೋಡೆಯ ಮೇಲಿದ್ದ ಪಾರಿವಾಳವೊಂದು ಹಾರುವ ಯೋಚನೆ ಮಾಡಿದ್ದನ್ನು ಕಂಡ ದೊಡ್ಡಪ್ಪ, ‘ಅಯ್ಯೋ, ಬ್ರೇಕ್ ಹಾಕಮ್ಮಾ’ ಎಂದು ಅರಚಿದರು. ಗೋಡೆಬರಹವನ್ನು ಬಾಯಿಪಾಠ ಮಾಡಿದ್ದ ನಾನು ಹಾಕಿದೆ. ಚಹಾ ತಮ್ಮ ಅಂಗಿಗೆ ಹೋಯಿತು, ‘ಕಾರಣವಿಲ್ಲದೆ ನಿಲ್ಲಿಸಿದ್ದಾರೆ’ ಎಂಬ ಷರಾ ನನ್ನ ಅರ್ಜಿಗೆ ಬಂತು.

ನನಗೆ ನಿಜಕ್ಕೂ ಹೊಟ್ಟೆ ಉರಿದಿದೆ, ಮಾನ್ಯರೇ. ಬ್ರೆಡ್ ಸಾಗಿಸುವ ವ್ಯಾನಿನ ಕೆಲಸವನ್ನು ಬೇಕರಿಯ ಯಜಮಾನಿ ನನಗೆಂದೇ ಸೋಮವಾರದವರೆಗೆ ಹಿಡಿದಿಟ್ಟಿದ್ದಾರೆ. ತಾವು ಮುಂದಿನ ತಿಂಗಳು ಬನ್ನಿ ಎಂದಿದ್ದೀರಿ. ಆದ್ದರಿಂದ ಅಲ್ಲಿಯವರೆಗೆ ಬ್ರೆಡ್ಡು ಬಿಸಿಯಾಗಿಯೇ ಇರತಕ್ಕದ್ದೆಂದು ತಾವು ಆದೇಶ ಹೊರಡಿಸಬೇಕು, ದೊಡ್ಡಪ್ಪನ ಗಂಟಲಿಗೆ ಪ್ರತ್ಯೇಕ ಪರೀಕ್ಷೆ ನಡೆಸಿ ಫೇಲು ಮಾಡಬೇಕು, ಹಾರುವ ಮೊದಲು ಇಂಡಿಕೇಟರ್ ಹಾಕುವುದನ್ನು ಪಾರಿವಾಳಗಳಿಗೆ ಕಲಿಸಬೇಕು ಎಂದು ವಿನಂತಿಸುತ್ತೇನೆ.

ತಾವು ಗೋಡೆಯ ಮೇಲೆ ಬರೆಸಿದ್ದನ್ನೆಲ್ಲ ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಬೇಕರಿಯ ಡ್ರೈವರ್ ಆಗಬೇಕಾದವಳು

ತಾ.ಕ.: ನಾನು ಫೇಲಾದ ಮೇಲೆ, ‘ಲೈಸೆನ್ಸ್ ಇರೋರೇ ಗಾಡಿ ಹೊರಗೆ ತಗೊಂಡು ಹೋಗ್ಲಿ’ ಎಂದು ತಾವು ಅಪ್ಪಣೆ ಕೊಟ್ಟಿರಿ. ದೊಡ್ಡಪ್ಪ ತೆಗೆದುಕೊಂಡು ಹೋದರು, ಕಚೇರಿಯ ಗೇಟಿನವರೆಗೆ. ಕಾರು ಈಗ ಗೇಟಿನ ಎರಡು ಕಂಬಗಳ ನಡುವೆ ಅಡ್ಡಡ್ಡ ಸಿಕ್ಕಿಕೊಂಡಿದೆ, ಕೀಲಿಯನ್ನು ನನ್ನ ಕೈಗಿಟ್ಟು ಅವರು ಬಸ್ಸು ಹತ್ತಿದ್ದಾರೆ. ಲೈಸೆನ್ಸ್ ಇರುವ ತಮ್ಮ ಸಿಬ್ಬಂದಿ ಇಬ್ಬರು ಹಿಂದೆಮುಂದೆ ಮಾಡಿ, ಕಂಬಗಳ ಸುಣ್ಣವನ್ನಷ್ಟು ಕೆರೆದು, ಸಾಕಪ್ಪಾ ಸಾಕು ಎಂದು ಇಳಿದು ಹೋದರು. ತಮ್ಮ ಕಾರೂ ಒಳಗೇ ಇದೆಯೆಂದು ಕಾವಲಿನವರು ಹೇಳಿದರು. ಇದನ್ನು ಈಚೆ ತೆಗೆಯುವುದು ನನಗೆ ಎರಡು ನಿಮಿಷದ ಕೆಲಸ. ಏನು ಮಾಡಲಿ, ಲೈಸೆನ್ಸ್ ಇಲ್ಲ.