ನನ್ನನ್ನು ಫೋಲ್ಡರ್ ಸಮೇತ ತೊಂಡೇಬಾವಿಗೆ ಕಳುಹಿಸಿದ ಸ್ಕ್ರಿಪ್ಟ್ ಮಹಾಶಯರಿಗೆ

ಚಿಂತಾಮಣಿಯ ವಧೂವರ ಕೇಂದ್ರದ ಕಂಪ್ಯೂಟರಿನೊಳಗೆ, ಡೇಟಾಬೇಸಿನ ತಂಪಿನಲ್ಲಿ ವಾಸವಾಗಿರುವ ಮಾನ್ಯರೇ,

ತಮಗೂ, ತಮ್ಮ ಹಿಂದೆ ಮುಂದೆ ಇರುವ ಸಮಸ್ತ ಸಾಲುಗಳಿಗೂ, ಕರೆಂಟು ಹೋದಾಗ ತಮ್ಮ ಜೀವ ಉಳಿಸುವ ಯುಪಿಎಸ್ ಪೆಟ್ಟಿಗೆಗೂ ಮೇಲೂರಿನ ಜಯರಾಮಪ್ಪ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವು ಕ್ಷೇಮವಾಗಿರುವುದು ನನಗೆ ಅಷ್ಟಾಗಿ ಇಷ್ಟವಿಲ್ಲ, ಆದರೆ ಪತ್ರದಲ್ಲಿ ಹಾಗೆ ಬರೆಯಬಾರದೆಂದು ಮಗಳು ಸಂಘಮಿತ್ರ ಹೇಳಿರುವುದರಿಂದ ತಾವೂ ಕ್ಷೇಮವೆಂದು ನಂಬಿದ್ದೇನೆ.

ಹುಡುಗಿಯ ಬಯೋಡೇಟಾ ಮತ್ತು ಫೋಟೋಗಳನ್ನು ಕಂಪ್ಯೂಟರಿನಿಂದ ಹುಡುಕಿ ತೆಗೆದು, ಜಿಪ್ ಎಂಬ ಗಂಟು ಕಟ್ಟಿ, ಗಂಡಿನ ಕಡೆಯವರಿಗೆ ಇಮೇಲ್ ಮಾಡುವುದು ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮಾದ ತಮ್ಮ ಉದ್ಯೋಗವೆಂದು ಕೇಂದ್ರದ ಆಪರೇಟರ್ ರುಬೀನಾ ಅವರು ತಿಳಿಸಿದರು. ಟೊಮೇಟೊ ಕಳಿಸಿ ಎಂದರೆ ಟೊಮೇಟೊ ಕಳಿಸಬೇಕು. ತಾವೋ ಟೊಮೇಟೊ ಜೊತೆಗೆ ಹೊಲ, ಹೊಲದ ಬದು, ಆ ಬದುವಿನ ಮೇಲೆ ನಡೆಯುತ್ತಿರುವ ಕೇಸು, ಎಲ್ಲವನ್ನೂ ಒಂದೇ ಕ್ರೇಟಿನಲ್ಲಿ ತುಂಬಿ ಕಳಿಸುವ ಧಾರಾಳಿಗಳು.

ಕೇಂದ್ರದ ಒಡತಿ ಶ್ಯಾಮಲಮ್ಮನವರು ತಮ್ಮ ನೆನಪಿಗಾಗಿ ಫೋಲ್ಡರುಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೆಸರಿಡುತ್ತಾರೆ. ಅದು ಅವರ ಮನೆಯೊಳಗಿನ ಮಾತು, ಹೊರಗೆ ಹೋಗುವಂಥದ್ದಲ್ಲ. ಆದರೆ ತೊಂಡೇಬಾವಿಯ ಆವಲಪ್ಪನವರ ಮನೆಯಲ್ಲಿ, ಅವರ ಮಗ ಮುನೇಶನಿಗೆ ಹೆಣ್ಣು ಗೊತ್ತುಮಾಡಲು ನೆಂಟರೆಲ್ಲ ಸೇರಿ ತಾವು ಕಳಿಸಿದ ಗಂಟನ್ನು ಬಿಚ್ಚಿದಾಗ ಫೋಟೋ ಕಾಣಲಿಲ್ಲ. ‘ಹೆಣ್ಣುಗಳು’ ಎಂಬ ಫೋಲ್ಡರ್ ಕಂಡಿತು. ಅದರೊಳಗೆ ‘ಹುಡುಗಿ ಬಂಗಾರ’, ಅದರೊಳಗೆ ‘ಅಪ್ಪ ಜಗಳಗಂಟ’, ಅದರೊಳಗೆ ‘ಹುಷಾರಾಗಿ ಮಾತಾಡಬೇಕು’, ಅದರೊಳಗೆ ನನ್ನ ಮಗಳು ನಗುತ್ತಾ ನಿಂತಿದ್ದಳು. ಹುಡುಗನ ಸೋದರಮಾವ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿದರಂತೆ, ಕನ್ನಡ ಸರಿಯಾಗಿ ಬಾರದ ಅಜ್ಜಿಗೆ ತೆಲುಗಿನಲ್ಲೂ ಹೇಳಿದರಂತೆ. ಭಾನುವಾರ ಬರುತ್ತೇವೆ ಎಂದು ಫೋನು ಮಾಡಿದವರು, ಯಜಮಾನರು ಅವತ್ತು ಊರಲ್ಲೇ ಇರುತ್ತಾರಾ ಎಂದು ಬಹಳ ನಯವಾಗಿ ವಿಚಾರಿಸಿದರು.

ಮಾನ್ಯರೇ, ನಾನು ಜಗಳಗಂಟನಲ್ಲ. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ನಾನು ಬಸ್ಸಿನ ಮುಂದೆ ನಿಂತದ್ದು ಕಂಡಕ್ಟರಿಗೆ ನಾಗರಿಕತೆ ಕಲಿಸುವುದಕ್ಕೆ. ಹಿಂದೆ ಸಂಘಮಿತ್ರಳಿಗೆ ಬಂದ ಮೂರು ಸಂಬಂಧಗಳೂ ನಮ್ಮ ಹಜಾರದಲ್ಲೇ ಮುರಿದದ್ದು ನಿಜವಾದರೂ, ಒಬ್ಬರು ಉಪ್ಪಿಟ್ಟಿಗೆ ಸಕ್ಕರೆ ಕೇಳಿದರು, ಇನ್ನೊಬ್ಬರು ರಾಗಿ ಮುದ್ದೆ ಅಗಿಯಬೇಕೆಂದು ವಾದಿಸಿದರು, ಮೂರನೆಯವರು ನಾನು ಹೇಳಿದ್ದಕ್ಕೆಲ್ಲ ಒಪ್ಪಿಬಿಟ್ಟರು. ಅಂಥ ಬೆನ್ನೆಲುಬಿಲ್ಲದವರನ್ನು ಯಾರು ತಾನೇ ಸಹಿಸುತ್ತಾರೆ? ಆದರೂ ಈ ಸಲ ನನಗೆ ನಿಜವಾಗಿ ಭಯವಾಯಿತು. ಮುನೇಶನ ಫೋಟೋ ನೋಡಿದಾಗಿನಿಂದ ಮಗಳು ಅಡಿಗೆಮನೆಯಲ್ಲಿ ಹಾಡು ಗುನುಗುತ್ತಿದ್ದಳು. ಅವಳು ಗುನುಗಿದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು.

ಆದ್ದರಿಂದ ಶಾಂತವಾಗಿ ವಿಚಾರಿಸಲೆಂದು ಚಿಂತಾಮಣಿಗೆ ಹೋದೆ. ನನ್ನ ಶಾಂತಿಯನ್ನು ನೋಡಲು ಎದುರಿನ ಬೇಕರಿಯವರೂ ಪಕ್ಕದ ಟೈಲರೂ ಕೆಲಸ ಬಿಟ್ಟು ಬಂದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ಶ್ಯಾಮಲಮ್ಮ ಗಾದೆ ಹೇಳಿದರು. ರುಬೀನಾ ಮಾತ್ರ ಬೇಸರಿಸಿಕೊಳ್ಳದೆ, ಗಂಟು ಕಟ್ಟುವಾಗ ಕಡತದ ಹೆಸರನ್ನಷ್ಟೇ ಇಟ್ಟುಕೊಂಡು ಅದು ಹಾದುಬಂದ ಫೋಲ್ಡರುಗಳ ದಾರಿಯನ್ನು ಬಿಟ್ಟುಬಿಡು ಎಂದು ತಮಗೊಂದು ಮಾತು ಹೇಳಬೇಕಿತ್ತು, ಯಾರೂ ಹೇಳಿರಲಿಲ್ಲ ಎಂದರು. ತಮಗೆ ಅಷ್ಟೂ ತೋಚಲಿಲ್ಲವೇ?

ಇಷ್ಟೊಂದು ಸತ್ಯವಂತರಾದ ತಮ್ಮನ್ನು ಬರೀ ವಧೂವರ ಕೇಂದ್ರದಲ್ಲಿ ಇಟ್ಟಿರುವುದು ಅನ್ಯಾಯ. ಮದುವೆಯಲ್ಲಿ ಉಡುಗೊರೆ ಬರುವ ಗೋಡೆ ಗಡಿಯಾರಗಳ ಮೇಲೆ ಅವು ಯಾರ್‍ಯಾರ ಮದುವೆ, ಯಾರ್‍ಯಾರ ಅಟ್ಟ ಹಾದು ಬಂದವೆಂಬುದನ್ನು ತಾವು ಕೃಪೆಮಾಡಿ ಬರೆಯಬೇಕು. ಮತ ಕೇಳಲು ಬರುವವರ ಹಣೆಯ ಮೇಲೆ ಅವರು ಹಾದುಬಂದ ಪಕ್ಷಗಳನ್ನೂ ಬರೆಯಬೇಕು, ಜಾಗ ಸಾಲದಿದ್ದರೆ ಬೆನ್ನಿಗೂ ಮುಂದುವರಿಸಬಹುದು.

ಭಾನುವಾರ ಅವರು ಬಂದರು. ನಾನು ತುಟಿ ಬಿಚ್ಚಲಿಲ್ಲ. ಆಶ್ಚರ್ಯವೆಂದರೆ ಆವಲಪ್ಪನವರೂ ಬಿಚ್ಚಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೇಸರಿಬಾತು ಮುಗಿಸುವಷ್ಟರಲ್ಲಿ, ಮಧ್ಯೆ ಬಾಯಿ ಹಾಕುವವರು ಯಾರೂ ಇಲ್ಲದೆ, ಮಕ್ಕಳಿಬ್ಬರೂ ಹಿತ್ತಲಲ್ಲಿ ಮನಸಾರೆ ಮಾತಾಡಿ ಒಪ್ಪಿಕೊಂಡಿದ್ದರು. ಅವರನ್ನು ಬೀಳ್ಕೊಟ್ಟು ಬಂದ ಮಗಳು ನನ್ನ ಪಕ್ಕ ಕೂತು, “ಅಪ್ಪ, ಮದುವೆ ಮುಗಿಯೋವರ್ಗೂ ಆ ‘ಹುಷಾರಾಗಿ ಮಾತಾಡಬೇಕು’ ಫೋಲ್ಡರ್‌ನಲ್ಲೇ ಇರಪ್ಪ, ನಿಂಗೆ ಅಲ್ಲೇ ಚೆನ್ನಾಗಿದೆ,” ಎಂದಳು. ನನ್ನ ಕಣ್ಣು ತುಂಬಿತು. ಕೇಸರಿಬಾತಿನ ಲವಂಗ ಕಚ್ಚಿತು ಎಂದು ಹೇಳಿದೆ.

ಮದುವೆಗೆ ತಾವು ಬರಬೇಕು. ಬರುವಾಗ ದಯವಿಟ್ಟು ಒಬ್ಬರೇ ಬರಬೇಕು.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ಜಯರಾಮಪ್ಪ, ಮೇಲೂರು

ಮರೆತ ಮಾತು: ಮುನೇಶನ ಫೋಟೋ ತುಂಬಿ ತಾವೇ ನಮಗೆ ಕಳಿಸಿದ್ದ ಗಂಟನ್ನು ಮಗಳು ಈವರೆಗೆ ನನಗೆ ತೋರಿಸದೆ ಬಚ್ಚಿಟ್ಟಿದ್ದಳು. ಇವತ್ತು ಬಿಚ್ಚಿ ನೋಡಿದರೆ ಆವಲಪ್ಪನವರ ಫೋಲ್ಡರಿನ ಹೆಸರು ‘ಅಪ್ಪ ಮಹಾ ಜಗಳಗಂಟ’. ಅವರು ಮಹಾ, ನಾನು ಬರೀ ಜಗಳಗಂಟ, ಇದು ಯಾವ ನ್ಯಾಯ? ಇದನ್ನು ಶಾಂತವಾಗಿ ವಿಚಾರಿಸಲು ನಾಳೆ ಮೊದಲ ಬಸ್ಸಿಗೇ ಚಿಂತಾಮಣಿಗೆ ಬರುತ್ತಿದ್ದೇನೆ. ಬೇಕರಿಯವರಿಗೂ ಟೈಲರಿಗೂ ತಿಳಿಸಿರಿ.