ಸಾಂಬಾರಿಗೆ ಆಕರ ಎಲ್ಲಿ?

ನನಗೆ ಹಲ್ಲಿಯ ಭಯವಿಲ್ಲ, ಅತ್ತೆಯವರ ಭಯವೂ ಅಷ್ಟಾಗಿ ಇಲ್ಲ. ದಿನಾ ಇಂದಿರಾಪುರಂನಿಂದ ದೆಹಲಿಗೆ ಕಾರು ಓಡಿಸುವವಳು ಯಮನ ಭಯ ಇಟ್ಟುಕೊಂಡರೆ ಪೂರೈಸುವುದಿಲ್ಲ. ನಾನು ಹೆದರುವುದು ಒಂದಕ್ಕೇ, ಸಂಶೋಧನಾ ಲೇಖನದ ಕೊನೆಗೆ ಕೊಡಬೇಕಾದ ಆಕರಗಳ ಪಟ್ಟಿಗೆ. ಯಾರ ಮಾತು, ಯಾವ ಪುಸ್ತಕ, ಯಾವ ಇಸವಿ, ಎಷ್ಟನೇ ಪುಟ ಎಂದು ಸಾಲಾಗಿ ಬರೆದು, ಅಲ್ಪವಿರಾಮವನ್ನು ಅವರು ಹೇಳಿದಲ್ಲೇ ಕೂರಿಸುವ ಆ ಕೆಲಸವಿದೆಯಲ್ಲ, ಅದನ್ನು ಕಂಡುಹಿಡಿದವರಿಗೆ ಮನೆಯಲ್ಲಿ ಮಾಡಲು ಬೇರೆ ಕೆಲಸ ಇರಲಿಲ್ಲವೆಂದು ನನ್ನ ಗಟ್ಟಿಯಾದ ಅಭಿಪ್ರಾಯ. ಇದಕ್ಕೆ ಆಕರ ಕೇಳಬೇಡಿ.

ದೆಹಲಿಯ ಒಂದು ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ನನ್ನ ಜೊತೆ ಸೇರಿದವರೆಲ್ಲ ಮೇಲೆ ಹೋದರು, ಅಂದರೆ ಪ್ರಮೋಷನ್ ಸಿಕ್ಕಿ ಹೋದರು. ನಾನು ಮಾತ್ರ ಪ್ರಕಟವಾದ ಲೇಖನ ಒಂದು ಕಡಿಮೆ ಬಿದ್ದು ಅಲ್ಲೇ ಕೂತಿದ್ದೆ. ಕೊನೆಗೂ ದೆಹಲಿಯ ದಕ್ಷಿಣ ಭಾರತದ ಹೋಟೆಲುಗಳ ಇತಿಹಾಸ ಕುರಿತ ನನ್ನ ಲೇಖನವನ್ನು ಒಂದು ದೊಡ್ಡ ಸಂಶೋಧನಾ ಪತ್ರಿಕೆ ಮೆಚ್ಚಿಕೊಂಡಿತು. ಸಂಪಾದಕರು ಬರೆದರು: 'ಲೇಖನ ಚೆನ್ನಾಗಿದೆ. ಆಕರಗಳ ಪಟ್ಟಿ ಮಾತ್ರ ನಮ್ಮ ನಿಯಮಕ್ಕೆ ತಕ್ಕಂತಿಲ್ಲ. ಏಳು ದಿನದಲ್ಲಿ ಸರಿಪಡಿಸಿದರೆ ಸ್ವೀಕಾರ ಪತ್ರ ಕೊಡುತ್ತೇವೆ.' ಆ ಪತ್ರವಿದ್ದರೆ ಈ ಸಲದ ಪ್ರಮೋಷನ್ನಿಗೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಮತ್ತೆ ಎರಡು ವರ್ಷ ಜಪ.

ನಿಯಮಾವಳಿಯೇ ಇಪ್ಪತ್ತೆರಡು ಪುಟ. ಮೊದಲನೇ ನಿಯಮ, ಲೇಖಕರ ಸರ್‌ನೇಮ್ ಮುಂದೆ ಬರಬೇಕು. ನಮ್ಮ ಕಡೆಯ ಹಳಬರಿಗೆ ಸರ್‌ನೇಮ್ ಎಲ್ಲಿಂದ ತರಲಿ? ಊರಿನ ಹೆಸರು, ಅಪ್ಪನ ಹೆಸರು ಒಂದೊಂದು ಅಕ್ಷರವಾಗಿ ಮುಂದೆ ಕೂತಿರುತ್ತವೆ, ಅಷ್ಟೇ. ಒಬ್ಬರನ್ನು ಊರಿನ ಕೆಳಗೆ ಹಾಕಿದೆ, ಇನ್ನೊಬ್ಬರನ್ನು ಅಪ್ಪನ ಕೆಳಗೆ. ಮೂರನೆಯವರ ಹೊತ್ತಿಗೆ ಬೇಸತ್ತು ಅವರ ಪುಸ್ತಕವನ್ನೇ ಕೈಬಿಟ್ಟೆ. ಪಾಪ, ಒಳ್ಳೆಯ ಪುಸ್ತಕ.

ನನ್ನ ಪಾಡು ನೋಡಲಾರದೆ ಮಗಳು ಬಂದಳು. ದೆಹಲಿಯಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಶುರು ಮಾಡಿದ್ದನ್ನು ಕನ್ನಡದಲ್ಲೇ ಮುಗಿಸುತ್ತಾಳೆಂಬ ಭರವಸೆ ಇಲ್ಲ. "ಅಮ್ಮಾ, ಇದನ್ನೆಲ್ಲ ಕೈಯಲ್ಲಿ ಯಾಕೆ ಮಾಡ್ತಾ ಇದೀಯಾ? ಇಸ್‌ಕೇ ಲಿಯೇ ಸಾಫ್ಟ್‌ವೇರ್ ಹೋತಾ ಹೈ, ಯಾರ್!" ಎಂದಳು. "ತಾಯಿಗೆ ಗೆಳೆಯರಿಗೆ ಅಂದ ಹಾಗೆ ಯಾರ್ ಅಂತೀಯಲ್ಲೇ" ಎಂದು ಗದರಿಸಿ, ಸಾಫ್ಟ್‌ವೇರ್ ಹಾಕಿಸಿಕೊಂಡೆ. ಅದು ಕಣ್ಣು ಮಿಟುಕಿಸುವುದರೊಳಗೆ ಅರವತ್ತೊಂದು ಆಕರಗಳನ್ನು ಸಾಲಾಗಿ ನಿಲ್ಲಿಸಿತು. ಸಂತೋಷಕ್ಕೆ ಒಂದು ಲೋಟ ಕಾಫಿ ಕುಡಿದು ಬಂದು ನೋಡುತ್ತೇನೆ, 'ಅಡುಗೆ ಭಟ್ಟರ ಸಂಘ'ವನ್ನು ಒಬ್ಬ ಮನುಷ್ಯನೆಂದು ತಿಳಿದು 'ಸಂಘ, ಅ. ಭ.' ಎಂದು ಬರೆದಿತ್ತು. ಇಂಥವು ಹತ್ತೊಂಬತ್ತು. ಸಾಫ್ಟ್‌ವೇರಿಗೆ ಕೈಮುಗಿದು ಮತ್ತೆ ಕೈಯಲ್ಲೇ ಶುರುಮಾಡಿದೆ. ಒಂದರಿಂದ ಅರವತ್ತೊಂದರವರೆಗೆ ಸಂಖ್ಯೆಗಳನ್ನೂ ನಾನೇ ಕೂತು ಹಾಕಿದೆ.

ಐದನೇ ದಿನಕ್ಕೆ ಅರವತ್ತು ಸರಿಯಾದವು. ಮೂವತ್ತೇಳನೆಯದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನನ್ನ ಇಡೀ ಲೇಖನ ನಿಂತದ್ದೇ ಅದರ ಮೇಲೆ. ಹೋಟೆಲ್ ಮಾಲೀಕರೊಬ್ಬರು ದಿನಪತ್ರಿಕೆಯ ಭಾನುವಾರದ ಪುರವಣಿಗೆ ಹೇಳಿದ ಮಾತು ಅದು: 'ದೆಹಲಿ ಸಾಂಬಾರನ್ನು ಒಪ್ಪಿಕೊಂಡದ್ದು ಅದನ್ನು ದಾಲ್ ಎಂದು ತಿಳಿದು.' ಲೇಖನ ಪರಿಶೀಲಿಸಿದ ಇಬ್ಬರು ವಿದ್ವಾಂಸರೂ ಈ ಒಂದು ವಾಕ್ಯವನ್ನು ಕೊಂಡಾಡಿದ್ದರು. ಸಮುದಾಯದ ಒಡಲಿನಿಂದ ಬಂದ ಒಳನೋಟವಂತೆ. ಆದರೆ ನನ್ನ ಬಳಿ ಇದ್ದದ್ದು ಹೋಟೆಲಿನ ಗೋಡೆಯ ಮೇಲೆ ಕಟ್ಟುಹಾಕಿಸಿದ್ದ ಆ ತುಣುಕಿನ ಮೊಬೈಲ್ ಫೋಟೊ. ತಾರೀಖು ಇರಬೇಕಾದ ಜಾಗದಲ್ಲಿ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು.

ಹೋಟೆಲ್ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಮಾರ್ಕೆಟ್ಟಿನಲ್ಲಿದೆ. ಮಾಲೀಕರು ಕುಂದಾಪುರದ ಕಡೆಯ ಅನಂತಣ್ಣ. ಅವರ ಗೋಡೆಯ ಮೇಲೆ ದೇವರುಗಳು, ತೀರಿಕೊಂಡ ಅಪ್ಪ ಮತ್ತು ಪೇಪರಿನ ಆ ತುಣುಕು ಒಂದೇ ಸಾಲಿನಲ್ಲಿವೆ. ಮೂರಕ್ಕೂ ಊದುಬತ್ತಿಯ ಹೊಗೆ ಸಮನಾಗಿ ಸಲ್ಲುತ್ತದೆ.

"ಅನಂತಣ್ಣ, ಆ ಫ್ರೇಮ್ ಸ್ವಲ್ಪ ಕೆಳಗಿಳಿಸ್ತೀರಾ? ತಾರೀಖು ಬೇಕಿತ್ತು."

"ಎಂಥ ಮೇಡಂ, ಪೊಲೀಸ್ ಕೇಸಾ?"

"ಇಲ್ಲಪ್ಪ, ನನ್ನ ಪ್ರಮೋಷನ್."

"ಹಾಗಾದ್ರೆ ಇಳಿಸುವಾ" ಎಂದು ಅವರೇ ಸ್ಟೂಲ್ ಹತ್ತಿದರು. ಫ್ರೇಮಿನ ಹಿಂದೆ ಬಾಲ್‌ಪೆನ್ನಿನಲ್ಲಿ ಪೇಪರಿನ ಹೆಸರು, ತಾರೀಖು, ಪುಟ ಎಲ್ಲವನ್ನೂ ಅನಂತಣ್ಣ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು. ನನ್ನ ಎಂ.ಎ. ವಿದ್ಯಾರ್ಥಿಗಳು ಯಾರೂ ಇಷ್ಟು ಚೊಕ್ಕವಾಗಿ ಆಕರ ಕೊಟ್ಟದ್ದಿಲ್ಲ. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಬರೆದುಕೊಂಡು ಸುಮ್ಮನೆ ಎದ್ದು ಬರಬೇಕಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಎಷ್ಟು ಚಂದದ ಮಾತು ಅನಂತಣ್ಣ! ನಿಮ್ಮ ತಂದೆಯವರು ಹೇಳ್ತಿದ್ದದ್ದಾ?"

"ಅಪ್ಪನಾ? ಅಪ್ಪ ಗಿರಾಕಿಗಳ ಬಗ್ಗೆ ಹೇಳ್ತಿದ್ದದ್ದನ್ನು ಪೇಪರಿನಲ್ಲಿ ಹಾಕ್ಲಿಕ್ಕೆ ಆಗುದಿಲ್ಲ ಮಾರಾಯ್ರೇ! ಇದು ನೀವೇ ಹೇಳಿದ್ದಲ್ವಾ?"

"ನಾನಾ?"

"ಹೌದು. ನೀವು ಇಲ್ಲಿಗೆ ಬಂದ ಹೊಸತ್ರಲ್ಲಿ. ಒಬ್ಬರು ಅಂಕಲ್ ದೋಸೆ ಬದಿಗಿಟ್ಟು ನಾಲ್ಕು ಬಟ್ಟಲು ಸಾಂಬಾರ್ ಚಮಚದಲ್ಲಿ ಕುಡಿದ್ರು. ಅದು ನೋಡಿ ನಗಾಡ್ತಾ ಹೇಳಿದ್ರಿ. ಓದಿದವರ ಮಾತು ಅಂತ ನಾನು ನೆನಪಿಟ್ಕೊಂಡೆ. ಪೇಪರಿನವರು ಬಂದಾಗ ಹೇಳಿದೆ. ನಿಮ್ಮ ಹೆಸರೂ ಹೇಳಿದ್ದೆ ಮೇಡಂ, ಅವರು ಹಾಕ್ಲಿಲ್ಲ. ನನಗೆ ಬೇಜಾರಾಯ್ತು."

ನಾನು ಹರಟೆಗೆ ಉದುರಿಸಿದ ಮಾತು ಅನಂತಣ್ಣನ ಬಾಯಿ ಹೊಕ್ಕು, ಪೇಪರಿನಲ್ಲಿ ಅಚ್ಚಾಗಿ, ಗೋಡೆಯ ಮೇಲೆ ಹಳದಿ ತಿರುಗಿತ್ತು. ಅದನ್ನು ನಾನೇ ಓದಿ, ಆಹಾ ಎಂದು ಬೆರಗಾಗಿ, ಸಮುದಾಯದ ಅನುಭವವೆಂದು ಪ್ರಪಂಚಕ್ಕೆ ಸಾರಲು ಹೊರಟಿದ್ದೆ.

ಮನೆಗೆ ಬಂದು ನಮ್ಮೆಜಮಾನರ ಮುಂದೆ ಗೋಳು ತೋಡಿಕೊಂಡೆ. ಅವರು ನೋಯ್ಡಾದ ಕಂಪನಿಯಲ್ಲಿ ಕೆಲಸ ಮಾಡುವವರು. ಇಂಥ ವಿಷಯಕ್ಕೆ ಅವರಲ್ಲಿ ಕಣ್ಣೀರಿಲ್ಲ. "ಅಚ್ಚಾಗಿದೆ, ತಾರೀಖಿದೆ, ಪುಟ ಇದೆ. ಕಳಿಸಿ ಮಲಗು" ಎಂದರು. ಆಸೆ ನನಗೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಹದಿನಾರು ವರ್ಷದಿಂದ ಮೊದಲ ವರ್ಷದ ಮಕ್ಕಳಿಗೆ 'ಮೊದಲು ಹೇಳಿದವರು ಯಾರು ಅಂತ ಹುಡುಕಿ' ಎಂದು ಬೈಯುತ್ತಾ ಬಂದವಳು ನಾನು. ಹುಡುಕಿದರೆ ನಾನೇ ಸಿಗಬೇಕೇ? ನನ್ನ ಮಾತೆಂದೇ ಬರೆಯಬಹುದಿತ್ತಲ್ಲ ಎನ್ನುತ್ತೀರಿ. ಬರೆದು ನೋಡಿದೆ. ಹೋಟೆಲಿನವರು ಹೇಳಿದರೆ ಅನುಭವ, ನಾನು ಹೇಳಿದರೆ ಬರೀ ಬಾಯಿಚಪಲ. ಸಾಕ್ಷಿ ಎಲ್ಲಿ ಎಂದರೆ ಚಮಚದ ಅಂಕಲ್‌ನನ್ನು ಎಲ್ಲಿಂದ ಕರೆತರಲಿ?

ಏಳನೇ ದಿನ ಬೆಳಗ್ಗೆ ಮೂವತ್ತೇಳನ್ನು ವಾಕ್ಯದ ಸಮೇತ ಅಳಿಸಿದೆ. ಆಮೇಲೆ ಮೂವತ್ತೆಂಟನ್ನು ಮೂವತ್ತೇಳು ಮಾಡಿ, ಮೂವತ್ತೊಂಬತ್ತನ್ನು ಮೂವತ್ತೆಂಟು ಮಾಡಿ, ಹೀಗೆ ಅರವತ್ತೊಂದರವರೆಗೆ ಶಪಿಸುತ್ತಾ ನಡೆದೆ. ಲೇಖನ ಉಪ್ಪಿಲ್ಲದ ಅಡುಗೆಯಂತಾಯಿತು, ಆದರೂ ಹೋಯಿತು. ಮಾರನೇ ದಿನವೇ ಸಂಪಾದಕರ ಉತ್ತರ ಬಂತು: ಪಟ್ಟಿ ನಿರ್ದೋಷವಾಗಿದೆ, ಲೇಖನ ಸ್ವೀಕರಿಸಿದ್ದೇವೆ, ಆ ಸಾಂಬಾರಿನ ಸಾಲನ್ನು ತೆಗೆದದ್ದೇಕೋ ತಿಳಿಯಲಿಲ್ಲ.

ಮರುದಿನ ಪ್ರಮೋಷನ್ನಿನ ಅರ್ಜಿ ತುಂಬಲು ಕೂತೆ. ಅದರಲ್ಲೊಂದು ಕಾಲಂ: ನಿಮ್ಮ ಮಾತನ್ನು ಬೇರೆಯವರು ಎಷ್ಟು ಕಡೆ ಉಲ್ಲೇಖಿಸಿದ್ದಾರೆ? ಹದಿನಾರು ವರ್ಷದಲ್ಲಿ ಒಬ್ಬರು, ಒಬ್ಬರೇ ಒಬ್ಬರು, ನನ್ನ ಮಾತು ನೆನಪಿಟ್ಟು, ನನ್ನ ಹೆಸರು ಹೇಳಿ ಪೇಪರಿಗೆ ಕೊಟ್ಟಿದ್ದರು. ಅದನ್ನು ಎರಡು ದಿನದ ಹಿಂದೆ ನನ್ನ ಕೈಯಾರೆ ಅಳಿಸಿದ್ದೆ. ಕಾಲಂನಲ್ಲಿ ಸೊನ್ನೆ ಬರೆದೆ. ಬರೆದು, ನಿಯಮದ ಪ್ರಕಾರ ಸರಿಯಾದ ಜಾಗದಲ್ಲೇ ಇದೆಯೇ ಎಂದು ಎರಡು ಸಲ ನೋಡಿದೆ.